ಹೀಹೀಯ ಮೂಊ, ಮಾವಿಸಳ ಹಗ್ಗ

ಪೆಸಿಫಿಕ್ ಸಾಗರದ ನಮ್ಮ ನಾರ್ಫೋಕ್ ದ್ವೀಪಕ್ಕೆ ಬಂದು ಯೂನಿಸ್ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ಹೀಹೀ ಎನ್ನಬೇಕು. ನಮ್ಮ ಟೆಲಿಫೋನ್ ಪುಸ್ತಕದಲ್ಲೂ ಅವಳು ಹೀಹೀ ಎಂದೇ ಇದ್ದಾಳೆ. ಅದು ನಗುವಲ್ಲ, ಬಂಡೆಗೆ ಕಚ್ಚಿಕೊಂಡಿರುವ ಪುಟ್ಟ ಕಡಲ ಬಸವನಹುಳುವಿನ ಹೆಸರು. ನಾವು ಅದರ ಪೈ ಮಾಡಿ ತಿನ್ನುತ್ತೇವೆ. ಚಿಕ್ಕವಳಿದ್ದಾಗ ಅವಳೂ ಕಡಲಂಚಿನ ಬಂಡೆಗೋಡೆಗಳಿಗೆ ಹಾಗೇ ಅಂಟಿಕೊಂಡು ಓಡಾಡುತ್ತಿದ್ದಳಂತೆ. ಹೆಸರು ಅಂಟಿತು, ಬಂಡೆಯ ಚಟವೂ ಬಿಡಲಿಲ್ಲ.

ನಮ್ಮ ಪೂರ್ವಿಕರು ಇಲ್ಲಿ ಬಂದಿಳಿದ ನೆನಪಿನ ಬೌಂಟಿ ಹಬ್ಬದ ದಿನ ದ್ವೀಪಕ್ಕೆ ದ್ವೀಪವೇ ಬಿಳಿ ಬಟ್ಟೆ ತೊಟ್ಟು, ಕೈಯಾರೆ ಹೆಣೆದ ಟೋಪಿಯನ್ನು ತಲೆಗಿಟ್ಟು ಮೆರವಣಿಗೆ ಹೊರಡುತ್ತದೆ. ಬಾಳೆಪಟ್ಟೆಯ ಟೋಪಿಯನ್ನು ಯಾರು ಬೇಕಾದರೂ ಹೆಣೆದಾರು, ಮೂಊ ಟೋಪಿಯ ಮಾತೇ ಬೇರೆ. ಮೂಊ ಒಂದು ಜಾತಿಯ ಜೊಂಡು. ಹಿಂದೆ ಎಲ್ಲೆಲ್ಲೂ ಇತ್ತು ಎನ್ನುತ್ತಾರೆ. ನಮ್ಮ ದನಗಳಿಗೆ ಮೂಗುದಾರವೂ ಇಲ್ಲ, ಮರ್ಯಾದೆಯೂ ಇಲ್ಲ, ರಸ್ತೆಯಲ್ಲಿ ಕಾರಿಗಿಂತ ಮೊದಲು ಅವಕ್ಕೇ ದಾರಿ. ಬಾಯಿಗೆ ಸಿಕ್ಕಿದ್ದನ್ನೆಲ್ಲ ಮೇಯ್ದು ಮುಗಿಸಿದವು. ದನದ ಕಾಲು ಊರದ ಬಂಡೆಬಿರುಕುಗಳಲ್ಲಿ ಮಾತ್ರ ಮೂಊ ಉಳಿಯಿತು. ಉಪ್ಪುಗಾಳಿ ಬೀಸಲಿ, ಮಳೆ ಕೈಕೊಡಲಿ, ಹಿಡಿಮಣ್ಣಿನಲ್ಲಿ ಬೇರು ಕಚ್ಚಿ ನಿಲ್ಲುತ್ತದೆ. ಹೊರಗಿನ ಗರಿ ಕೊಯ್ದು ನಡುವಿನ ಸುಳಿ ಬಿಟ್ಟರೆ ಮುಂದಿನ ವರ್ಷವೂ ಅಲ್ಲೇ ಸಿಗುತ್ತದೆ. ಸುಳಿ ಕಿತ್ತವರ ಕೈ ಸೇದಿಹೋಗಲಿ ಎಂದು ಹೀಹೀಯ ಅಜ್ಜಿ ಶಪಿಸುತ್ತಿದ್ದಳು.

ಆ ಅಜ್ಜಿ ತೋರಿಸಿಕೊಟ್ಟ ಮೂಊ ಇದ್ದದ್ದು ಉತ್ತರದ ಬಂಡೆಗೋಡೆಯ ಅರ್ಧದಲ್ಲಿ. ಮೇಲಿನ ಪೈನ್ ಮರಕ್ಕೆ ಹಗ್ಗ ಸುತ್ತಿ ಒಬ್ಬರು ಹಿಡಿದು ಸ್ವಲ್ಪಸ್ವಲ್ಪವೇ ಬಿಡಬೇಕು, ಇನ್ನೊಬ್ಬರು ಇಳಿಯಬೇಕು. ಇಳಿಯುವವಳು ಹೀಹೀ, ಹಿಡಿಯುವವಳು ಅವಳ ದೊಡ್ಡಪ್ಪನ ಮಗಳು ಮಾವಿಸ್. ಮದುವೆಗೆ ಮುಂಚಿನಿಂದ ಮೊಮ್ಮಕ್ಕಳಾಗುವವರೆಗೂ ಇದೇ ಜೋಡಿ. ಒಮ್ಮೆ ಹೀಹೀಯ ಗಂಡ ತಾನು ಹಿಡಿಯುತ್ತೇನೆ ಎಂದದ್ದಕ್ಕೆ ಅವಳು, "ಮೀನು ಹಿಡಿಯೋಕೆ ಹೋಗಿ ಮದುವೆ ಉಂಗುರಾನೇ ಸಮುದ್ರಕ್ಕೆ ಬಿಟ್ಟೋನು ನೀನು, ನನ್ನ ಹಿಡೀತೀಯಾ?" ಎಂದಿದ್ದಳು. ಎಲ್ಲಿಂದ ಇಳಿಯಬೇಕು ಎಂಬುದು ಈ ಇಬ್ಬರಿಗಲ್ಲದೆ ಮೂರನೆಯವರಿಗೆ ಗೊತ್ತಿರಲಿಲ್ಲ. ಪ್ರತಿ ವರ್ಷದ ಮೊದಲ ಟೋಪಿ ಮಾವಿಸಳಿಗೇ ಹೋಗುತ್ತಿತ್ತು.

ಆ ವರ್ಷ ಕೊಯ್ಲಿನ ಹೊತ್ತು ಬಂದಾಗ ಮಾವಿಸ್ ಹಿಂದೇಟು ಹಾಕಿದಳು.

"ಈ ಸಲ ಬೇಡ ಕಣೇ. ಮಂಡಿ ನೋವು."

"ಇಳಿಯೋಳು ನಾನು, ಮಂಡಿ ನೋವು ನಿಂಗಾ? ನಡಿ ಅಕ್ಕ, ಸಾಕು ನಾಟ್ಕ."

ಮಾವಿಸ್ ನಗಲಿಲ್ಲ. ಹೀಹೀ ಅದನ್ನು ಗಮನಿಸಲೂ ಇಲ್ಲ, ಸೊಂಟಕ್ಕೆ ಹಗ್ಗ ಬಿಗಿದು ಎಂದಿನಂತೆ ಇಳಿದಳು.

ಕೆಳಗೆ ಮೂಊ ಇರಲಿಲ್ಲ. ಕೊಯ್ದಿದ್ದಲ್ಲ, ಬೇರುಸಮೇತ ಅಗೆದು ಒಯ್ದಿದ್ದರು. ಒಂದೊಂದು ಬುಡದ ಜಾಗದಲ್ಲೂ ಒಂದೊಂದು ಗುಂಡಿ, ಅಂಚಿನಲ್ಲಿ ಗುದ್ದಲಿಯ ಗೀರು. ಹೀಹೀ ಗುಂಡಿಯೊಳಗೆ ಬೆರಳು ಹಾಕಿ ನೋಡಿದಳು. ಮಣ್ಣು ಇನ್ನೂ ಸಡಿಲವಾಗಿಯೇ ಇತ್ತು. ಹಕ್ಕಿಯಂತೂ ಗುದ್ದಲಿ ಹಿಡಿದು ಬರುವುದಿಲ್ಲ. ಮನುಷ್ಯ ಇಲ್ಲಿಗೆ ಇಳಿಯಬೇಕಾದರೆ ಮೇಲೆ ಒಬ್ಬರು ಹಗ್ಗ ಹಿಡಿಯಲೇಬೇಕು, ಹಿಡಿಯುವುದು ಗೊತ್ತಿದ್ದವಳು ಒಬ್ಬಳೇ. ಅವಳ ಕೈಯಲ್ಲೇ ಹೀಹೀ ಈಗ ನೇತಾಡುತ್ತಿದ್ದಳು.

"ಯಾರನ್ನ ಇಳಿಸಿದ್ದೆ ಇಲ್ಲಿ?" ಎಂದು ಕೆಳಗಿನಿಂದಲೇ ಕೂಗಿದಳು.



"ಅಳಿಯ ಕಣೇ," ಎಂದಳು ಮಾವಿಸ್. "ಹೊಸ ಹೋಟೆಲಿನ ತೋಟ ಅವನ ಕೈಯಲ್ಲಿದೆ. ನಮ್ಮ ದ್ವೀಪದ ಗಿಡಗಳನ್ನೇ ಹಾಕ್ಬೇಕಂತೆ, ಬಂದೋರು ನೋಡೋಕೆ. ಮನೆ ಅಳಿಯ ಬಾಯಿಬಿಟ್ಟು ಕೇಳಿದಾಗ ಹ್ಯಾಗೆ ಇಲ್ಲ ಅನ್ಲಿ?"

"ನಂಗೆ ಒಂದ್ ಮಾತು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀನು ಬಿಡ್ತಿದ್ಯಾ?"

ಆಮೇಲೆ ಹೀಹೀ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅಜ್ಜಿಯ ಶಾಪದಿಂದ ಶುರುಮಾಡಿ, ಅಳಿಯನನ್ನು ಹಾದು, ಮಾವಿಸಳ ಮೂರು ತಲೆಮಾರಿನವರೆಗೆ ಹೋಯಿತು. ಕೆಳಗೆ ದೂರದಲ್ಲಿ ಮೀನಿಗೆ ನಿಂತಿದ್ದ ದೋಣಿಯವರು ಗಾಳ ಬಿಟ್ಟು ತಲೆ ಎತ್ತಿದರು. ಗಂಟಲು ಕಟ್ಟಿದ ಮೇಲೆ ಅವಳು, "ಎಳಿ," ಎಂದಳು. ಮಾವಿಸ್ ಎಂದಿನಂತೆ ಒಂದಿಷ್ಟೂ ಕುಲುಕದೆ ಮೇಲಕ್ಕೆಳೆದುಕೊಂಡಳು. ಅಷ್ಟು ಹೊತ್ತೂ ಹೀಹೀಗೆ ಬೀಳುವ ಭಯವೇ ಆಗಿರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. ಜೀವವನ್ನೇ ಕೈಗಿತ್ತರೆ ಕಾಪಾಡುವವಳು, ನಾಲ್ಕು ಬುಡ ಜೊಂಡನ್ನು ಕಾಪಾಡಲಿಲ್ಲ. ಹೀಹೀ ಹಗ್ಗ ಬಿಚ್ಚಿ ಅಲ್ಲೇ ಬಿಸಾಕಿ ನಡೆದಳು.

ಹೋಟೆಲಿನವರು ತೋಟಕ್ಕೆ ಬೇಲಿ ಹಾಕಲಿಲ್ಲ, ನೋಟಕ್ಕೆ ಅಡ್ಡವಂತೆ. ಒಂದು ಬೆಳಗ್ಗೆ ದನಗಳು ನುಗ್ಗಿ ಮೂಊವನ್ನು ಬುಡಮಟ್ಟ ಮೇಯ್ದು, ಅಲ್ಲೇ ಮಲಗಿ ಮೆಲುಕು ಹಾಕಿದವು. ಮಾವಿಸ್ ಪಿಲ್ಹಿ ಎಂಬ ನಮ್ಮ ಬಾಳೆಹಣ್ಣಿನ ತಿಂಡಿ ಬೇಯಿಸಿ ತಂದು ಹೀಹೀಯ ಮೆಟ್ಟಿಲ ಮೇಲೆ ಇಟ್ಟು ಹೋದಳು. ಅದು ಕೋಳಿಗಳ ಪಾಲಾಯಿತು.

ನಮ್ಮಲ್ಲಿ ಜಾಗಗಳಿಗೆ ಹೆಸರು ಬೀಳುವುದು ಅಲ್ಲಿ ಯಾರಿಗೆ ಏನಾಯಿತು ಎಂಬುದರ ಮೇಲೆ. ಒಬ್ಬ ಜಾರಿದರೆ ಸಾಕು, ಅವನು ಸತ್ತ ಮೇಲೂ ಆ ಬಂಡೆಯ ಮೇಲೆ ಜಾರುತ್ತಲೇ ಇರುತ್ತಾನೆ. ಅವತ್ತು ದೋಣಿಯವರಿಗೆ ಕೇಳಿಸಿದ್ದು ಹೀಹೀಯ ದನಿ ಒಂದೇ. ಮಾವಿಸ್ ಮೆಲ್ಲಗೆ ಮಾತಾಡುವವಳು. ಹೀಗಾಗಿ ಬೌಂಟಿ ಹಬ್ಬದ ಹೊತ್ತಿಗೆ, ಅಜ್ಜಿಯ ಕಾಲದಿಂದ ಹೆಸರೇ ಇಲ್ಲದೆ ಬಚ್ಚಿಟ್ಟಿದ್ದ ಆ ಬಂಡೆಗೋಡೆಗೆ 'ಹೀಹೀ ಬೈದದ್ದು' ಎಂಬ ಹೆಸರು ನಿಂತುಬಿಟ್ಟಿತ್ತು. ಹೇಳುವವರು ನಗುತ್ತಲೇ ಹೇಳುತ್ತಿದ್ದರು. ಯಾಕೆ ಬೈದಳು ಎಂದು ಕೇಳಿದವರು ಕಡಿಮೆ.

ಹಬ್ಬದ ಮಾರನೆಯ ದಿನ ಅಂಗಡಿಯಲ್ಲಿ ಹೀಹೀ ಹಿಟ್ಟಿನ ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಎಲ್ಲರಿಗಿಂತ ಮುಂದೆ ಮಾವಿಸ್ ಅಂಗಡಿಯವಳ ಜೊತೆ ಮಾತಿಗಿಳಿದಿದ್ದಳು.

"ನಿನ್ನೆ ಹಬ್ಬದೂಟಕ್ಕೆ ತಂದಿದ್ರಲ್ಲ, ಅಷ್ಟು ದೊಡ್ಡ ಮೀನು ಎಲ್ಲಿ ಸಿಕ್ತು ನಿಮ್ಮ ಅಳಿಯನಿಗೆ?"

"ಅಲ್ಲೇ ಕಣಮ್ಮ," ಎಂದಳು ಮಾವಿಸ್, ಚಿಲ್ಲರೆ ತೆಗೆದುಕೊಳ್ಳುತ್ತ, "ಹೀಹೀ ಬೈದದ್ದರ ಕೆಳಗೆ."

ಎಲ್ಲರಂತೆ ಅವಳ ಬಾಯಿಗೂ ಸಲೀಸಾಗಿ ಬಂದ ಹೆಸರು, ಅದರಲ್ಲಿ ಕುಹಕವೂ ಇರಲಿಲ್ಲ. ಹೀಹೀ ಹಿಟ್ಟಿನ ಚೀಲವನ್ನು ಅಲ್ಲೇ ಇಟ್ಟು ಹೊರಗೆ ಹೋದಳು.