ಸೈಕಲ್ ಟ್ಯೂಬು ಸುತ್ತಿದ ಪೈಪು

ತೊಂಬತ್ತರ ದಶಕದ ಕೊನೆಯಲ್ಲಿ ಕೊಟ್ಟೂರಿನ ಇಳಿಜಾರಿನ ಓಣಿಯೊಂದರಲ್ಲಿ ನಾವು ಮನೆ ಕಟ್ಟಿಸಿದೆವು. ಮೇಲೆ ಹೊಸ ನೀರಿನ ಟ್ಯಾಂಕು, ಕೆಳಗೆ ನಾವು. ನಾಲ್ಕು ದಿನಕ್ಕೊಮ್ಮೆ ನೀರು ಬಿಟ್ಟರೆ ಬಚ್ಚಲಿನ ನಲ್ಲಿ ಗಡಗಡ ನಡುಗುತ್ತಿತ್ತು. ಒಮ್ಮೆಯಂತೂ ಕಿತ್ತುಹೋಗಿ ಎದುರು ಗೋಡೆಗೆ ಬಡಿದಿತ್ತು. ರಭಸ ತಗ್ಗಿಸಲು ವಾಲ್ವ್ ಹಾಕಿಸೋಣವೆಂದರೆ ನನ್ನ ಗಂಡನಿಗೆ ಅದೇನೋ ಅವಮಾನ.

"ಇಂಥಾ ಫೋರ್ಸು ಈ ಓಣ್ಯಾಗ ಯಾರ ಮನ್ಯಾಗ ಐತಿ ತೋರ್ಸು," ಎನ್ನುತ್ತಿದ್ದರು.

ಕೊನೆಗೆ ಮನೆ ಮುಂದಿನ ಪೈಪಿನ ಜಾಯಿಂಟೇ ಬಿಟ್ಟುಕೊಂಡಿತು. ಅವರು ಹಳೇ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿ, ಮೇಲೆ ಮಣ್ಣೆಳೆದು ಎದ್ದರು.

ಎರಡು ತಿಂಗಳಲ್ಲಿ ನೀರಿಗೆ ವಾಸನೆ ಹತ್ತಿತು. ಸೋಸಿದ ಬಟ್ಟೆಯಲ್ಲಿ ಕೂದಲು, ಲೋಳೆ. ಪಂಚಾಯ್ತಿಯವರನ್ನು ಬೈಯುತ್ತಾ ಕಾಯಿಸಿ ಕುಡಿಯುತ್ತಿದ್ದೆವು. ಪಕ್ಕದ ಮನೆಯ ಅಜ್ಜಿಗೂ ನಮ್ಮ ಪೈಪಿನಿಂದಲೇ ನೀರು ಹೋಗುತ್ತಿತ್ತು. ಒಂದು ಬೆಳಿಗ್ಗೆ ಅವಳು ಸ್ಟೀಲ್ ಬಟ್ಟಲು ಹಿಡಿದು ಬಂದಳು.

"ನೋಡವ್ವಾ, ಏನೋ ಹರದಾಡಾಕ ಹತ್ತೈತಿ."

ತಳದಲ್ಲಿ ದಾರದೆಳೆಯಂಥ ಕೆಂಪು ಹುಳುಗಳು ನುಲಿಯುತ್ತಿದ್ದವು. ಅದೇ ನೀರಿನ ಚಹಾ ನನ್ನ ಲೋಟದಲ್ಲಿ ಇನ್ನೂ ಅರ್ಧ ಇತ್ತು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಬಾಯಿ ಮುಕ್ಕಳಿಸಲೂ ಅದೇ ನೀರು.

ಮಧ್ಯಾಹ್ನ ನಲ್ಲಿ ರಿಪೇರಿಯವನು ಬಂದು ಅಗೆದ. ಓಣಿಯ ಕಕ್ಕಸಿನ ನೀರೆಲ್ಲ ಹರಿಯುವ ಪಕ್ಕದ ಗಟಾರದಿಂದ ಇಳಿದ ಕರಿ ಕೆಸರಿನಲ್ಲಿ ನಮ್ಮ ಜಾಯಿಂಟು ಮುಳುಗಿತ್ತು. ಟ್ಯೂಬು ಸಡಿಲಾಗಿ, ಲೋಳೆ ಹಿಡಿದು ಜೋತುಬಿದ್ದಿತ್ತು.

"ನೀರು ಬಂದಾಗ ಹೊರಗ ಚಿಮ್ತೈತ್ರಿ, ನಿಂತಾಗ ಗಟಾರದ್ದನ್ನ ಒಳಗ ಎಳಕೊಂತೈತಿ. ಇಷ್ಟು ದಿನ ಇದನ್ನ ಕುಡದೀರಿ," ಎಂದ.

ಗಂಡ ಮೂಗು ಮುಚ್ಚಿಕೊಂಡು, "ಪಂಚಾಯ್ತಿಯವ್ರು ಗಟಾರ ಬಳದಿದ್ರ ಹಿಂಗಾಗ್ತಿದ್ದಿಲ್ಲ," ಅಂದರು. ನಾನು ಅವರ ಮುಖ ನೋಡಲಿಲ್ಲ.

"ಪೈಪು ಬದಲ್ಸಿ, ಒಂದು ವಾಲ್ವೂ ಹಾಕಪ್ಪಾ," ಎಂದು ರಿಪೇರಿಯವನಿಗೆ ನಾನೇ ಹೇಳಿದೆ. ಅವರು ಒಳಗೆ ಹೋದರು.

ಸಂಜೆ ಅಜ್ಜಿಯ ಮನೆಗೆ ಹೋದೆ. ಅವಳು ಹುಣಸೆಹಣ್ಣು ಹಚ್ಚಿ ಕೊಡ ತಿಕ್ಕುತ್ತಿದ್ದಳು.

"ತಪ್ಪು ನಮ್ದು ಅಜ್ಜಿ. ನಮ್ಮ ಪೈಪೇ ಗಟಾರದಾಗ ಒಡದಿತ್ತು."

"ನೀವೂ ಅದನ್ನ ಕುಡದೀರಲ್ಲವ್ವಾ, ಇನ್ನೇನು ಅನ್ಲಿ," ಎಂದಳು. ಕೈ ನಿಲ್ಲಿಸಲಿಲ್ಲ.

ಆಮೇಲೂ ಅವಳು ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದಳು, ಮಾತಾಡುತ್ತಿದ್ದಳು. ಚಹಾ ತಂದರೆ ಮಾತ್ರ, "ಈಗ ಕುಡದು ಬಂದೀನಿ," ಎನ್ನುತ್ತಿದ್ದಳು. ನಾನು ಒತ್ತಾಯ ಮಾಡದೆ ಲೋಟ ಒಳಗೆ ಒಯ್ಯುತ್ತಿದ್ದೆ.