ಒಂದೇ ಕಾಲಿನ ಪರೀಕ್ಷೆ

ಕಡಹಿನಬೈಲಿನಲ್ಲಿ ನಮ್ಮ ಪಕ್ಕದ ಮನೆಯ ಹೂವಪ್ಪಣ್ಣ ಸುಲಭಕ್ಕೆ ಯಾರನ್ನೂ ನಂಬುವವನಲ್ಲ. ಕೊಪ್ಪದ ಅಂಗಡಿಯಲ್ಲಿ ಬೆಲ್ಲ ತೂಗಿಸುವಾಗ ತಕ್ಕಡಿಯ ತಟ್ಟೆ ಎತ್ತಿ ಅಡಿ ನೋಡುತ್ತಾನೆ. ಬಸ್ಸಿನ ಬೋರ್ಡಿನಲ್ಲಿ ಜಯಪುರ ಅಂತ ಬರೆದಿದ್ದರೂ ಕಂಡಕ್ಟರನ್ನು ಕೇಳುತ್ತಾನೆ. ಕಂಡಕ್ಟರ್ ಹೌದೆಂದ ಮೇಲೂ ಹತ್ತಿ ಕೂತು ಪಕ್ಕದವರನ್ನು ಕೇಳುತ್ತಾನೆ. ಬಿಪಿ ನೋಡಲು ಬಂದ ನರ್ಸಿಗೆ, "ಮೊದ್ಲು ನಿಮ್ದು ನೋಡ್ಕಳಿ, ಮಿಷನ್ ಸರಿ ಇದೆಯಾ ಗೊತ್ತಾಗ್ಲಿ" ಎಂದು ಹೇಳಿ ಬೈಸಿಕೊಂಡವನು. ನನಗೆ ಅವನ ಮೇಲೆ ದಿನಾ ಸಿಟ್ಟು ಬರುತ್ತದೆ. ಎರಡು ದಿನ ಕಾಣದಿದ್ದರೆ ನಾನೇ ಹುಡುಕಿಕೊಂಡು ಹೋಗುತ್ತೇನೆ.

ಇಂಥವನು ಅನುಮಾನವಿಲ್ಲದೆ ಮಾಡುತ್ತಿದ್ದ ಕೆಲಸ ಒಂದೇ, ಕೆಸರುಗದ್ದೆ ಓಟ. ನಾಟಿ ಮುಗಿದ ಮೇಲೆ ಒಂದು ಗದ್ದೆಯನ್ನು ಖಾಲಿ ಬಿಟ್ಟು, ಟಿಲ್ಲರ್ ಹೊಡೆಸಿ, ನೀರು ನಿಲ್ಲಿಸಿ, ಊರಿನ ಸಂಘದವರು ಈ ಓಟ ಇಡುತ್ತಾರೆ. ಚಿಕ್ಕವರಿಗೆ ಬೇರೆ, ಹೆಂಗಸರಿಗೆ ಬೇರೆ, ತಲೆ ನರೆತವರಿಗೆ ಬೇರೆ. ನರೆತವರ ಓಟದಲ್ಲಿ ಹೂವಪ್ಪಣ್ಣ ಮೊದಲು ಬರುವುದು, ನಾನು ಕಡೆಯಲ್ಲಿ ಬರುವುದು ಎಷ್ಟೋ ವರ್ಷದ ರೂಢಿ. ಮೊಣಕಾಲು ಮುಳುಗುವ ಕೆಸರಿನಲ್ಲಿ ಅವನು ಹೋಗುವುದನ್ನು ನೋಡಿದರೆ, ಆ ಕೆಸರು ಅವನಿಗೊಬ್ಬನಿಗೆ ದಾರಿ ಬಿಡುತ್ತದೋ ಏನೋ ಅನ್ನಿಸುತ್ತಿತ್ತು.

ಎರಡು ವರ್ಷದ ಹಿಂದೆ ರೂಢಿ ತಪ್ಪಿತು. ಅವನಿಗಿಂತ ಸಣ್ಣವನಾದ ಯಶವಂತ ಆ ಸಲವೇ ನಮ್ಮ ಗುಂಪಿಗೆ ಸೇರಿದ್ದ. ಅವನು ಹಿಂದಿನಿಂದ ಹತ್ತಿರ ಹತ್ತಿರ ಬರುತ್ತಿದ್ದಾಗ ಹೂವಪ್ಪಣ್ಣ ಎಡತೊಡೆಯ ಹಿಂಭಾಗ ಹಿಡಿದುಕೊಂಡು ಮಕಾಡೆ ಬಿದ್ದ. ಸ್ನಾಯು ಹರಿದಿತ್ತು. "ಅದೇ ಜಾಗದಲ್ಲಿ ಇನ್ನೊಂದು ಸಲ ಹರಿದರೆ ಗದ್ದೆ ಕೆಸರಿಗೆ ಇಳಿಯುವ ಆಸೆ ಬಿಡಬೇಕಾಗುತ್ತದೆ" ಎಂದರು ಶಿವಮೊಗ್ಗದ ಡಾಕ್ಟರು. ತನ್ನ ಗದ್ದೆಯ ಕೆಲಸ ತಾನೇ ಮಾಡುವ ಮನುಷ್ಯನಿಗೆ ಅದು ಸಣ್ಣ ಮಾತಲ್ಲ. ಆದರೆ ಹೂವಪ್ಪಣ್ಣ ನನ್ನ ಕಿವಿಯ ಹತ್ತಿರ ಬಗ್ಗಿ, "ಗಿರಾಕಿ ತಪ್ಪಿ ಹೋಗ್ಬಾರ್ದು ಅಂತ ಹೆದರಿಸ್ತಾನೆ ಮಾರಾಯ" ಎಂದ.

ಅಷ್ಟಕ್ಕೇ ನಿಂತಿದ್ದರೆ ಅವನು ಮತ್ತೆ ಓಡುತ್ತಿರಲಿಲ್ಲವೇನೋ. ಊರಿನ ಬಾಯಿ ಸುಮ್ಮನಿರಬೇಕಲ್ಲ! ಚಾ ಅಂಗಡಿಯಲ್ಲಿ ಯಾರೋ, "ಸೋಲ್ತೀನಿ ಅಂತ ಗೊತ್ತಾತು, ಬಿದ್ದ ಹಂಗೆ ಮಾಡ್ದ" ಎಂದರಂತೆ. ಜಗತ್ತನ್ನೆಲ್ಲ ಅನುಮಾನಿಸುವವನಿಗೆ ತನ್ನ ಮೇಲೆ ಬಂದ ಒಂದು ಅನುಮಾನ ತಡೆಯಲಾಗಲಿಲ್ಲ. ಮುಂದಿನ ಓಟಕ್ಕೆ ಇಳಿದೇ ಇಳಿಯುತ್ತೇನೆ ಎಂದು ಅವತ್ತೇ ಹೇಳಿಬಿಟ್ಟ. ಹೆಂಡತಿ ವನಜಮ್ಮ ಬೇಡಿಕೊಂಡಳು, ಬೈದಳು, ಮಾತು ಬಿಟ್ಟಳು. ಅವನು ಜಗ್ಗಲಿಲ್ಲ.

ಮಗಳು ಅರ್ಪಿತಾ ಮಾತ್ರ ಬೇಡ ಎನ್ನಲಿಲ್ಲ. ಅವಳು ಫಿಸಿಯೋಥೆರಪಿ ಓದಿ ಕೊಪ್ಪದ ಒಂದು ಕ್ಲಿನಿಕ್ಕಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿ, ಮಾತು ಕಡಿಮೆ. ಹೋದ ವರ್ಷ ಓಟ ಹತ್ತಿರ ಬಂದಾಗ, "ಓಡದಾದ್ರೆ ಓಡು ಅಪ್ಪಯ್ಯ. ಆದ್ರೆ ದಿನಾ ಬೆಳಿಗ್ಗೆ ಸ್ಟ್ರೆಚಿಂಗ್ ಮಾಡ್ಬೇಕು. ಎರಡೂ ಕಾಲಿಗೆ. ನನ್ನೆದುರಿಗೇ" ಎಂದಳು. ಜಗಲಿಯ ಮೇಲೆ ಕಾಲು ನೀಡಿ ಕೂತು, ಮಂಡಿ ಮಡಿಸದೆ, ಬಗ್ಗಿ ಕಾಲ್ಬೆರಳು ಮುಟ್ಟುವುದನ್ನು ಮಾಡಿ ತೋರಿಸಿದಳು.

"ನೋವಿದೆಯಾ ಅಪ್ಪಯ್ಯ, ಎಡಗಾಲಲ್ಲಿ?" ಎಂದೂ ಕೇಳಿದಳು.

"ಎಂತದೂ ಇಲ್ಲ."

ಅವಳು ಅವನ ಮುಖ ನೋಡಿದಳು. ಅವನು ಅಂಗಳ ನೋಡಿದ. ಅಪ್ಪನ ಕಣ್ಣೇ ಮಗಳಿಗೂ ಬಂದಿದೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಹೂವಪ್ಪಣ್ಣನಿಗೆ ಅಂದಿನಿಂದಲೇ ಹುಳ ಹೊಕ್ಕಿತು. ತೋಟದಲ್ಲಿ ಸಿಕ್ಕಿದಾಗ ನನ್ನ ಹತ್ತಿರ ಶುರು ಮಾಡಿದ: "ನಾಯಿ ಓಡುವ ಮುಂಚೆ ಕಾಲು ಜಗ್ಗುತ್ತಾ? ಅಟ್ಟಿಸಿಕೊಂಡು ಬಂದ ಹಂದಿ ಜಗ್ಗುತ್ತಾ? ಇವ್ರು ಹೇಳದು ನೋಡಿದ್ರೆ ಕಾಡಿನ ಪ್ರಾಣಿ ಎಲ್ಲಾ ಕುಂಟ್ಕಂಡು ತಿರುಗ್ಬೇಕಿತ್ತು."

"ನಾಯಿ ಎದ್ದ ಕೂಡಲೆ ಮೈ ಮುರಿಯುತ್ತಲ್ಲ ಹೂವಪ್ಪಣ್ಣ" ಎಂದೆ.

"ಅದು ನಿದ್ದೆಯಿಂದ ಎದ್ದಿದ್ದಕ್ಕೆ. ಓಟಕ್ಕೆ ಹೆಸರು ಕೊಟ್ಟು ಅಲ್ಲ" ಎಂದ. ಇವನ ಹತ್ತಿರ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಆದರೂ ಬೆಳಿಗ್ಗೆ ನಾನು ಅವರ ಮನೆಗೆ ಹಾಲಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ಎಡಗಾಲು ನೀಡಿಕೊಂಡು, ಮುಖ ಕಿವುಚಿಕೊಂಡು, ಬೆರಳಿನ ಕಡೆಗೆ ಬಗ್ಗುತ್ತಿದ್ದ. ಕೈ ಕಾಲ್ಬೆರಳಿಗೆ ಮುಟ್ಟುತ್ತಿರಲಿಲ್ಲ. ಅರ್ಪಿತಾ ಕಂಬಕ್ಕೆ ಒರಗಿ ನಿಂತು ನೋಡುವಳು. "ಬಲಗಾಲು?" ಎಂದರೆ, "ಅದು ನೀ ಏಳುವ ಮುಂಚೆಯೇ ಆತು" ಎನ್ನುವನು. ಬಸ್ಸಿಗೆ ಹೊತ್ತಾದ ಹುಡುಗಿ ಒಂದು ಗಳಿಗೆ ಅಲ್ಲೇ ನಿಂತು, ಏನೋ ಹೇಳಲು ಹೋಗಿ, ಚೀಲ ಹೆಗಲಿಗೇರಿಸಿಕೊಂಡು ನಡೆಯುವಳು. ಒಂದು ದಿನ ಅವಳು ಕತ್ತಲಿರುವಾಗಲೇ ಎದ್ದು ಕೂತಳಂತೆ. ಅಪ್ಪ ಅದಕ್ಕೂ ಮುಂಚೆ ಎದ್ದು ತೋಟಕ್ಕೆ ಹೋಗಿಯಾಗಿತ್ತು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾವಲು ಕಾಯುತ್ತಿದ್ದರು.

ಓಟದ ದಿನ ಬಂತು. ಗದ್ದೆಯ ಅಂಚಿನ ಮೇಲೆ ಜನ ಸಾಲಾಗಿ ನಿಂತಿದ್ದರು. ವನಜಮ್ಮ ಬರಲಿಲ್ಲ. ಅರ್ಪಿತಾ ಕ್ಲಿನಿಕ್ಕಿಗೆ ರಜೆ ಹಾಕಿ ಗದ್ದೆಯ ಆಚೆ ತುದಿಯಲ್ಲಿ ನಿಂತಿದ್ದಳು. ಸೀಟಿ ಊದುವ ಮುಂಚೆ ಹೂವಪ್ಪಣ್ಣ ಅಂಚಿನ ಮೇಲೆ ಎಡಗಾಲಿಟ್ಟು ಒಂದು ಸಲ ಬಗ್ಗಿದ, ಎದ್ದ, ಕೆಸರಿಗಿಳಿದ. ಯಶವಂತ ನೋಡಿ ನಕ್ಕ. ನನಗೂ ನಗು ಬಂತು.

ಸೀಟಿ ಊದಿದರು. ಅರ್ಧ ಗದ್ದೆಯವರೆಗೆ ಹೂವಪ್ಪಣ್ಣ ಎಲ್ಲರಿಗಿಂತ ಮುಂದಿದ್ದ. ಹಿಂದಿನಿಂದ ನೋಡುತ್ತಿದ್ದ ನನಗೆ, ಇವತ್ತು ಊರಿನ ಬಾಯಿ ಮುಚ್ಚಿತು ಎಂದು ಖುಷಿಯೇ ಆಯಿತು. ಅಷ್ಟರಲ್ಲಿ ಅವನ ಎಡಗಾಲು ಕೆಸರಿನಿಂದ ಮೇಲೆ ಬರಲಿಲ್ಲ. ಕೈ ತೊಡೆಯ ಹಿಂದಕ್ಕೆ ಹೋಯಿತು. ಈ ಸಲ ಬೀಳುವಾಗ ಅವನು ಕೂಗಿದ ಕೂಗು ಕೇಳಿ, ನಾಟಕ ಎಂದವರೂ ಗದ್ದೆಗೆ ಹಾರಿದರು.

ನಾನೂ ಯಶವಂತನೂ ಸೇರಿ ಅವನನ್ನು ಅಂಚಿಗೆ ಎತ್ತಿ ತಂದೆವು. ಅರ್ಪಿತಾ ಓಡಿ ಬಂದು, ಕೆಸರು ಒರೆಸಿ, ತೊಡೆಯನ್ನು ಮೆಲ್ಲಗೆ ಒತ್ತಿ ನೋಡಿದಳು. ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದೇ ಜಾಗ.

ಹೂವಪ್ಪಣ್ಣ ಹಲ್ಲು ಕಚ್ಚಿಕೊಂಡೇ ಮಾತಾಡಿದ. ನೋವಿನಲ್ಲೂ ಅವನ ಕಣ್ಣಿನಲ್ಲಿ ಒಂದು ಗೆಲುವಿತ್ತು, ಅದನ್ನು ನಾನು ಮರೆಯುವುದಿಲ್ಲ. "ನೋಡಿದ್ಯಾ? ನಾ ಒಂದು ಕಾಲಿಗೆ ಮಾತ್ರ ಮಾಡ್ದೆ. ಬಲಗಾಲಿಗೆ ಒಂದು ದಿನಾನೂ ಮಾಡ್ಲಿಲ್ಲ. ಪರೀಕ್ಷೆಗೆ ಅಂತ ಬಿಟ್ಟಿದ್ದೆ. ಜಗ್ಗಿದ ಕಾಲೇ ಹೋತು. ಜಗ್ಗದ ಕಾಲು ಕಲ್ಲಿನ ಹಂಗಿದೆ. ಈಗ ಹೇಳು ನಿನ್ನ ವಿದ್ಯೆ."

ಅರ್ಪಿತಾಳ ಕೈ ನಿಂತಿತು.

"ಅಪ್ಪಯ್ಯ, ಹಿಂದಿನ ವರ್ಷ ಹರಿದದ್ದು ಯಾವ ಕಾಲು?"

ಅವನು ತನ್ನ ಎಡತೊಡೆಯ ಕಡೆ ನೋಡಿದ.

"ಒಂದು ಸಲ ಹರಿದ ಕಾಲು ಅದು. ಜಗ್ಗಿದ್ರೂ ಅದೇ ಹೋಗ್ಬಹುದಿತ್ತು, ಬಿಟ್ರೂ ಅದೇ. ನಿನ್ನ ಪರೀಕ್ಷೇಲಿ ಎಂತದೂ ಗೊತ್ತಾಗಲ್ಲ. ಸ್ಟ್ರೆಚಿಂಗ್ ಮಾಡಿದ್ರೆ ಪೆಟ್ಟಾಗಲ್ಲ ಅಂತ ನಂಗೂ ನಂಬಿಕೆ ಇಲ್ಲ. ಓಡುವ ಮುಂಚೆ ಜಗ್ಗುವುದ್ರಿಂದ ಅಂಥಾ ವ್ಯತ್ಯಾಸ ಆಗಲ್ಲ ಅಂತ್ಲೇ ಹೆಚ್ಚಿನವ್ರು ಹೇಳ್ತಾರೆ."

"ಮತ್ತೆ ಎಂತಕ್ಕೆ ಮಾಡಿಸ್ದೆ?"

"ಕಾಲು ವಾಸಿಯಾಗಿದೆಯಾ ನೋಡಕ್ಕೆ! ಕೇಳಿದ್ರೆ ನೋವಿಲ್ಲ ಅಂತೀಯ. ಕಾಲು ತೋರ್ಸು ಅಂದ್ರೆ ತೋರ್ಸಲ್ಲ. ಎರಡೂ ಕಾಲು ನೀಡಿದ್ರೆ ಯಾವುದು ಎಷ್ಟು ಬಗ್ಗುತ್ತೆ ಅಂತ ನಾ ನೋಡ್ತಿದ್ದೆ. ಎಡಗಾಲು ಹಿಂದೆ ಬಿದ್ರೆ, ಕಾಲಿಗೆ ಬಿದ್ದಾದ್ರೂ ನಿನ್ನ ತಡೀತಿದ್ದೆ. ನೀ ಬಲಗಾಲು ತೋರ್ಸಲೇ ಇಲ್ಲ. ನಾ ಯಾವುದರ ಜೊತೆ ಹೋಲಿಸ್ಲಿ?"

ಅವಳು ಅಲ್ಲೇ, ಅಷ್ಟು ಜನರ ಎದುರು, ಕೆಸರು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸಂಘದವರು ಮೈಕು ನಿಲ್ಲಿಸಿದರು. ಅಂಚಿನ ಮೇಲೆ ನಿಂತ ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಅಪ್ಪನಿಗೆ ಮಗಳ ಮೇಲೆ ಅನುಮಾನ, ಮಗಳಿಗೆ ಅಪ್ಪನ ಮೇಲೆ ಅನುಮಾನ. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೂ ಆ ಕಾಲು ಉಳಿಯುತ್ತಿತ್ತು.

ಡಾಕ್ಟರು ಹೇಳಿದ್ದು ನಿಜವಾಯಿತು. ಈ ವರ್ಷದ ನಾಟಿಗೆ ಹೂವಪ್ಪಣ್ಣ ಗದ್ದೆಗೆ ಇಳಿಯಲಿಲ್ಲ. ಅಂಚಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಸಸಿ ದೂರವಾಯಿತು, ಹತ್ತಿರವಾಯಿತು ಎಂದು ಎಲ್ಲರನ್ನೂ ರೇಗಿಸಿದ. ಕೆಸರಿನಲ್ಲಿ ವನಜಮ್ಮ ನಿಂತು ಕೆಲಸ ಮಾಡಿಸಿದಳು. ಚಾ ಅಂಗಡಿಯಲ್ಲಿ ಈಗ ಅವನ ಸುದ್ದಿ ಯಾರೂ ಎತ್ತುವುದಿಲ್ಲ.

ಮೊನ್ನೆ ಹಾಲಿಗೆ ಹೋದಾಗ ಅವನು ಜಗಲಿಯ ಮೇಲೆ ಎರಡೂ ಕಾಲು ನೀಡಿಕೊಂಡು ಕೂತಿದ್ದ. ಅರ್ಪಿತಾ ಎದುರಿಗೆ ಕೂತು ಮೊದಲು ಬಲಗಾಲನ್ನು ಎತ್ತಿ ನೋಡಿದಳು, ಆಮೇಲೆ ಎಡಗಾಲನ್ನು. ಎಡಗಾಲು ಅರ್ಧಕ್ಕೇ ನಿಂತಿತು.

"ನೋವಾಗುತ್ತಾ ಅಪ್ಪಯ್ಯ?" ಎಂದು ಕೇಳಿದಳು.

ಅವನು ನನ್ನ ಕಡೆ ಒಮ್ಮೆ ನೋಡಿದ. ನಾನು ಹಾಲಿನ ಪಾತ್ರೆ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದೆ.

"ಆಗ್ತದೆ ಮಗಾ" ಎಂದ.