ನೀರಿನಲ್ಲಿ ನೆನೆದ ಪೀಪಿ

ಆಗೆಲ್ಲ ಸೂಟಿ ಬಂತೆಂದರೆ ಕುಷ್ಟಗಿಯ ಓಣಿಯೇ ನಮ್ಮದು. ಮಧ್ಯಾಹ್ನ ಕುಂಟಾಬಿಲ್ಲೆ, ಸಂಜೆ ಒಗ್ಗರಣೆ ಮಂಡಕ್ಕಿಯ ವಾಸನೆ. ಏಳನೆಯ ತರಗತಿ ಮುಗಿದ ಬೇಸಿಗೆ ಮಾತ್ರ ಬೇರೆಯಾಗಿತ್ತು. ಸ್ಕಾಟ್ಲೆಂಡಿನ ಸರ್ ಒಬ್ಬರು ನಮ್ಮ ಆರು ಹುಡುಗಿಯರಿಗೆ ಬ್ಯಾಗ್‌ಪೈಪ್ ಕಲಿಸುತ್ತಿದ್ದರು. ಕಂಕುಳಲ್ಲಿ ಗಾಳಿ ತುಂಬಿದ ಚೀಲ, ಅದಕ್ಕೆ ಕೊಳವೆಗಳು. ಹತ್ತಾರು ದೇಶಗಳಲ್ಲಿ ಕಲಿಸಿ ಬಂದವರು, ತಾವೇ ಮಟ್ಟು ಕಟ್ಟುವವರು. ನಮ್ಮ ಬಿತ್ತನೆಯ ಹಾಡು ಕೇಳಿ ಅದರ ಎಳೆಯಿಂದಲೇ ಹೊಸದೊಂದು ಕಟ್ಟಿದ್ದರು. ಅದನ್ನು ಕೊಪ್ಪಳದಲ್ಲಿ, ತರಗತಿಯ ಖರ್ಚು ನೋಡುತ್ತಿದ್ದ ಟ್ರಸ್ಟಿನ ಹಿರಿಯರ ಮುಂದೆ ಸರ್ ನುಡಿಸಬೇಕಿತ್ತು. ಹಿರಿಯರು ಒಪ್ಪಿದರೆ ತರಗತಿ ಉಳಿಯುತ್ತದೆ, ಇಲ್ಲದಿದ್ದರೆ ಸರ್ ಊರು ಬಿಡುತ್ತಾರೆ.

ಕೊಳವೆಯೊಳಗೆ ದನಿ ಹುಟ್ಟಿಸುವ ಜೊಂಡಿನ ಪೀಪಿ ಸರ್ ಬಳಿ ಒಂದೇ ಉಳಿದಿತ್ತು. ಹಿಂದಿನ ದಿನ ಅದರ ಡಬ್ಬಿಯನ್ನು ನನ್ನ ಕೈಗಿತ್ತು, ನಮ್ಮ ಓಣಿಯಲ್ಲೇ ಕಲಿತ ಕನ್ನಡದಲ್ಲಿ ಅಂದರು: “ಸನಾದಿಯವರ ಮಗಳು ನೀ. ಜ್ವಾಕಿ ಮಾಡೂದು ನಿನಗ ಗೊತ್ತೈತಿ.”

ಅಪ್ಪ ಮದುವೆಗಳಲ್ಲಿ ಸನಾದಿ ಊದುತ್ತಿದ್ದ. ಅವನ ಓಲೆಗರಿಯ ಪೀಪಿಯನ್ನು ನೀರಲ್ಲಿ ನೆನೆಸಿಡುವುದು ನನ್ನ ಕೆಲಸ. ಇದನ್ನೂ ಸಂಜೆಯೇ ಲೋಟದ ನೀರಿಗೆ ಹಾಕಿದೆ. “ಒಣಗಿದ್ರ ದನಿ ಒಡೀತೈತಿ. ಛಲೋ ಮಾಡಿದಿ” ಅಂದ ಅಪ್ಪ. ಬೆಳಿಗ್ಗೆ ಒರೆಸಿ ಡಬ್ಬಿಗಿಟ್ಟೆ.

ಹಿರಿಯರು ಬರುವುದು ಹನ್ನೊಂದಕ್ಕೆ. ಹತ್ತಕ್ಕೆ ಕೊಪ್ಪಳದ ಸಭಾಂಗಣದಲ್ಲಿ ಸರ್ ಚೀಲ ಒತ್ತಿ ನೋಡಿದರು. ಪೀಪಿ ಸೊಲ್ಲೆತ್ತಲಿಲ್ಲ. ಬಿಚ್ಚಿದರು, ಹಾಕಿದರು, ಮತ್ತೆ ಒತ್ತಿದರು. ಅವರ ಕತ್ತಿನ ನರ ಉಬ್ಬಿತು. ನನಗೆ ಅರ್ಥವಾಗಿಹೋಯಿತು.

ಪಕ್ಕದಲ್ಲಿದ್ದ ಗೆಳತಿ ರೇಷ್ಮಾ ಪಿಸುಗುಟ್ಟಿದಳು. “ಏನರ ಮಾಡಿದೇನ ನೀ?”

“ನಾ ಏನ್ ಮಾಡ್ಲಿ? ಸುಮ್ಕಿರು.”

“ಮತ್ತ ಮಾರಿ ಯಾಕ ಕಪ್ಪಿಟ್ಟೈತಿ?”

“ಹುಟ್ಟಿದಾಗಿಂದ ಹಂಗ ಐತಿ ಬಿಡು.”

ಗಡಿಯಾರದ ಮುಳ್ಳು ಸರಿಯುತ್ತಿತ್ತು. ಹೇಳಲು ಮೂರು ಸಲ ಎದ್ದು ಮೂರು ಸಲವೂ ಕೂತೆ. ಹಿರಿಯರು ಬಂದರು, ಅರ್ಧ ಗಂಟೆ ಕಾದರು. “ಏನ್ರಿ ಸರ್, ನಿಮ್ಮ ಚೀಲಕ್ಕ ನೆಗಡಿ ಆಗೇತೇನ್ರಿ?” ಎಂದೊಬ್ಬರು ನಗಿಸಿದರು. “ಇದಕ್ಕ ಮಕ್ಕಳ ಸೂಟಿ ಯಾಕ ಹಾಳು ಮಾಡೂದ್ರಿ” ಎಂದು ಇನ್ನೊಬ್ಬರು ಎದ್ದರು. ಅವರ ಜೀಪು ಗೇಟು ದಾಟಿದ ಮೇಲೆ ನನ್ನ ಬಾಯಿ ಬಿಚ್ಚಿತು.

“ನೀರಾಗ ಇಟ್ಟಿದ್ದೆನ್ರಿ ಸರ್. ಅಪ್ಪಂದು ಹಂಗ ಇಡ್ತೀನ್ರಿ.”

ಅವರು ಬೈಯಲಿಲ್ಲ. “ಇದು ಒಣಾ ಇರಬೇಕು. ಹತ್ತಕ್ಕ ಹೇಳಿದ್ರ ಬಿಸಲಿಗೆ ಇಡ್ತಿದ್ದೆನವ್ವಾ” ಎಂದಷ್ಟೇ ಅಂದರು. ಆಮೇಲೆ ಪೀಪಿಯನ್ನು ಬಿಸಿಲಿನ ಕಟ್ಟೆಯ ಮೇಲಿಟ್ಟರು. ಒಂದು ಗಂಟೆಯ ಹೊತ್ತಿಗೆ ಅದು ದನಿ ಕೊಟ್ಟಿತು. ನಮ್ಮ ಆರು ಜನರಿಗಾಗಿ ಮಟ್ಟನ್ನು ಪೂರ್ತಿ ನುಡಿಸಿದರು. ಆ ವಾರವೇ ಹೊರಟುಹೋದರು.

ಈಗ ಗಂಗಾವತಿಯಲ್ಲಿ ನನ್ನದೇ ಸೀರೆ ಅಂಗಡಿ. ಕೆಲಸಕ್ಕೆ ಬರುವ ಹುಡುಗಿಯರಿಗೆ ಮೊದಲ ದಿನವೇ ಹೇಳುತ್ತೇನೆ: ದರದ ಮಾತಿನಲ್ಲಿ ಗಿರಾಕಿ ಬಾಯಿ ಬಿಡುವ ತನಕ ಕಾಯಿರಿ, ತಪ್ಪಾದರೆ ಹೇಳಲು ಒಂದು ನಿಮಿಷವೂ ಕಾಯಬೇಡಿ. ಸರ್ ಬೇರೆ ದೇಶದಲ್ಲಿ ನೂರಾರು ಮಕ್ಕಳಿಗೆ ಕಲಿಸುತ್ತಿದ್ದಾರಂತೆ, ಕೇಳಿ ಸಮಾಧಾನವಾಯಿತು. ಆ ಮಟ್ಟಿನ ಮೊದಲೆರಡು ಸಾಲು ನನ್ನ ಬಾಯಲ್ಲಿದೆ, ರೇಷ್ಮಾಳಿಗೂ ಅಷ್ಟೇ. ಮುಂದಿನದನ್ನು ಬಲ್ಲವರು ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ ಎಲ್ಲಿ ಹುಡುಕಿದರೂ ಒಬ್ಬರಿಲ್ಲ.